ಗಂಗೋತ್ರಿಗೆ ಬಂದ ಗಣಕ

ಮೈಸೂರಿನ ಹುಣಸೂರು ರಸ್ತೆಯಲ್ಲಿ ಬೆಳಗಿನ ಹೊತ್ತು ಸಿಟಿ ಬಸ್ಸು ಇಳಿಯುವ ಹುಡುಗ ಹುಡುಗಿಯರನ್ನು ‘ಏನು ಓದುತ್ತಿದ್ದೀರಿ?’ ಎಂದು ಕೇಳಿದರೆ ಬರುವ ಉತ್ತರ ಬಹುಪಾಲು ಎರಡೇ ಅಕ್ಷರದ್ದು: ‘ಸಿ.ಎಸ್.’ ಅಥವಾ ‘ಐ.ಎಸ್.’ ಮೊದಲನೆಯದು ಕಂಪ್ಯೂಟರ್ ಸೈನ್ಸ್. ಎರಡನೆಯದು ಇನ್‌ಫರ್ಮೇಷನ್ ಸೈನ್ಸ್; ಬೇರೆ ರಾಜ್ಯಗಳಲ್ಲಿ ಮಾಹಿತಿ ತಂತ್ರಜ್ಞಾನದ ಪದವಿ ಎಂದು ಕರೆಯುವುದನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಸಾಮಾನ್ಯವಾಗಿ ಈ ಹೆಸರಿನಿಂದ ಕರೆಯುತ್ತವೆ. ಇನ್ನು ಕೆಲವರು ‘ಬಿ.ಸಿ.ಎ.’ ಎನ್ನುತ್ತಾರೆ. ಒಂದು ಕಾಲಕ್ಕೆ ಸಂಗೀತ, ಸಂಸ್ಕೃತ, ಮಲ್ಲಿಗೆಗೆ ಹೆಸರಾದ ಊರಿನಲ್ಲಿ ಈ ಓದು ಹೇಗೆ ಬೇರು ಬಿಟ್ಟಿತು? ಬೇರು ಬಿಟ್ಟಮೇಲೂ ಅದು ಊರಿನ ಭಾಷೆಯನ್ನು ಕಲಿಯಿತೆ? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ನೋಡಬೇಕಾಗಿದೆ.

ಕಥೆ ಆರಂಭವಾಗುವುದು 1916ರ ಜುಲೈ 27ರಂದು. ಅಲ್ಲಿಯವರೆಗೆ ಮೈಸೂರು ಸಂಸ್ಥಾನದ ಹುಡುಗರು ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಹಟದಿಂದ, ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬಂತು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಕಾರ್ಖಾನೆ, ಅಣೆಕಟ್ಟು, ವಿದ್ಯುತ್ತುಗಳ ಕನಸು ಕಾಣುತ್ತಿದ್ದ ದಿವಾನರಿಗೆ ಬರಿಯ ಗುಮಾಸ್ತರನ್ನು ತಯಾರಿಸುವ ವಿದ್ಯೆ ಸಾಲದಾಗಿತ್ತು. ಮರುವರ್ಷವೇ, 1917ರಲ್ಲಿ, ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಆದರೆ ಅದು ತೆರೆದದ್ದು ಬೆಂಗಳೂರಿನಲ್ಲಿ. ಹೀಗಾಗಿ ಮೈಸೂರು ಹೆಸರಿನ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದಲು ಮೈಸೂರಿನ ಹುಡುಗ ರೈಲು ಹತ್ತಬೇಕಾಯಿತು.

ಊರಿಗೇ ಆ ವಿದ್ಯೆ ಬಂದದ್ದು 1946ರಲ್ಲಿ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್ ಆರಂಭವಾದಾಗ. 1963ರಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಎರಡೂ ಮೈಸೂರು ವಿಶ್ವವಿದ್ಯಾನಿಲಯದ ನೆರಳಿನಲ್ಲಿ ಬೆಳೆದವು. ಆಗ ಅಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳದ್ದೇ ದರ್ಬಾರು. ಗಣಕದ ಹೆಸರಿನ ಪದವಿ ಜಗತ್ತಿನಲ್ಲೇ ಎಳೆಯದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯ ಕಂಪ್ಯೂಟರ್ ಸೈನ್ಸಿಗಾಗಿ ಪ್ರತ್ಯೇಕ ವಿಭಾಗ ತೆರೆದದ್ದು 1962ರಲ್ಲಿ. ನಮ್ಮ ದೇಶಕ್ಕೆ ಮೊದಲ ಡಿಜಿಟಲ್ ಗಣಕ ಬಂದದ್ದು 1955ರಲ್ಲಿ, ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಯಂತ್ರ ಬಂದಮೇಲೆ ಅಲ್ಲಿ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಪಾಠ ಶುರುವಾಯಿತು.

ಮುಂದೆ ಇನ್ಫೋಸಿಸ್ ಕಟ್ಟಿದ ಎನ್.ಆರ್. ನಾರಾಯಣಮೂರ್ತಿಯವರು 1967ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪಡೆದದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ, ಅದೂ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟಿನಲ್ಲಿ ಓದಿ. ಗಣಕದ ನಂಟು ಬೆಳೆದದ್ದು ಆಮೇಲೆ, ಕಾನ್ಪುರದಲ್ಲಿ. ಆ ತಲೆಮಾರಿನವರು ಗಣಕವನ್ನು ಪದವಿಯಾಗಿ ಓದಿದವರಲ್ಲ. ಬೇರೆ ಏನನ್ನೋ ಓದಿ ಗಣಕಕ್ಕೆ ಬಂದವರು.

ಪರಿಸ್ಥಿತಿ ಬದಲಾದದ್ದು 1980ರ ದಶಕದಲ್ಲಿ. ಕಾನ್ಪುರದಲ್ಲೂ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ದುಡಿದ ಪ್ರೊ. ವಿ. ರಾಜಾರಾಮನ್ ಅವರ ನೇತೃತ್ವದ ಸಮಿತಿಯ ಸಲಹೆಯಿಂದ ಎಂ.ಸಿ.ಎ. ಎಂಬ ಪದವಿ ಹುಟ್ಟಿತು. 1984ರ ಕೇಂದ್ರ ಸರ್ಕಾರದ ಗಣಕ ನೀತಿ ಯಂತ್ರಗಳ ಆಮದನ್ನು ಸಡಿಲಗೊಳಿಸಿತು. ಕಾಲೇಜುಗಳಲ್ಲಿ ಗಾಜಿನ ಬಾಗಿಲಿನ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ತಣ್ಣನೆಯ ಕೋಣೆಗಳು ಹುಟ್ಟಿಕೊಂಡವು. ದುಡ್ಡಿದ್ದವರಿಗೆ ಸೀಟು ಎಂಬ ಕ್ಯಾಪಿಟೇಷನ್ ಪದ್ಧತಿಯ ವಿರುದ್ಧ ರಾಜ್ಯ 1984ರಲ್ಲಿ ಕಾಯಿದೆ ಮಾಡಿತು. 1994ರ ಸುಮಾರಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿ.ಇ.ಟಿ., ಬಂತು. ಹಳ್ಳಿಯ ರೈತನ ಮಗಳು ರ‍್ಯಾಂಕಿನ ಬಲದಿಂದ, ಯಾರ ಶಿಫಾರಸೂ ಇಲ್ಲದೆ, ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ಕೇಳುವ ಕಾಲ ಬಂದದ್ದು ಹೀಗೆ. ಇದು ಸಣ್ಣ ಮಾತಲ್ಲ.

ಬಾಗಿಲೇನೋ ತೆರೆಯಿತು. ಒಳಗೆ ಹೋದವಳಿಗೆ ಏನಾಯಿತು? ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವಳು ಮೊದಲ ವರ್ಷದಲ್ಲಿ ಎದುರಿಸುವುದು ಎರಡು ಪರೀಕ್ಷೆ: ಒಂದು ವಿಷಯದ್ದು, ಇನ್ನೊಂದು ಇಂಗ್ಲಿಷಿನದು. ಉತ್ತರ ಗೊತ್ತಿದ್ದೂ ಬಾಯಿ ಬಿಡಲಾರದೆ ಹಿಂದಿನ ಬೆಂಚಿಗೆ ಸರಿಯುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ವಿಷಯ ಅಷ್ಟು ಕಠಿಣವೆ? ಈ ಪದವಿಯ ತಿರುಳಿನಿಂದಲೇ ಮೂರು ಉದಾಹರಣೆ ನೋಡೋಣ.

‘ಕ್ಯೂ’ ಎಂದರೆ ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು. ಮೊದಲು ಬಂದವನಿಗೆ ಮೊದಲು ಅಕ್ಕಿ. ಪ್ರಿಂಟರಿಗೆ ಕಳಿಸಿದ ಕಾಗದಗಳನ್ನು ಗಣಕ ಹೀಗೆಯೇ ಸಾಲು ನಿಲ್ಲಿಸುತ್ತದೆ. ‘ಸ್ಟ್ಯಾಕ್’ ಎಂದರೆ ಮದುವೆ ಮನೆಯಲ್ಲಿ ತೊಳೆದು ಒಂದರ ಮೇಲೊಂದು ಪೇರಿಸಿದ ತಟ್ಟೆಗಳು. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು. ಬರೆದದ್ದನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಅಳಿಸುವಾಗ ಗಣಕ ಮಾಡುವುದು ಇದನ್ನೇ. ಮೂರನೆಯದು ‘ಬೈನರಿ ಸರ್ಚ್’. ಸಾವಿರ ಪುಟದ ನಿಘಂಟಿನಲ್ಲಿ ಒಂದು ಪದ ಹುಡುಕಬೇಕು. ಪುಸ್ತಕವನ್ನು ನಡುವಿಗೆ ತೆರೆಯಿರಿ; ಪದ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುತ್ತದೆ. ಉಳಿದರ್ಧವನ್ನು ಮತ್ತೆ ನಡುವಿಗೆ ತೆರೆಯಿರಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಸಾವಿರ ಪುಟದಲ್ಲಿ ಬೇಕಾದ ಪುಟ ಹೆಚ್ಚೆಂದರೆ ಹತ್ತು ಸಲಕ್ಕೆ ಸಿಗುತ್ತದೆ. ಇವನ್ನು ತಿಳಿಯಲು ಬೇಕಾದದ್ದು ಬುದ್ಧಿ. ಆ ಬುದ್ಧಿಗೆ ದಾರಿ ಇಂಗ್ಲಿಷ್ ಒಂದೇ ಎಂದು ನಾವು ಸುಮ್ಮನೆ ಒಪ್ಪಿಕೊಂಡಿದ್ದೇವೆ.

ಹಾಗೆ ಒಪ್ಪದವರು ಈ ಊರಿನಲ್ಲೇ ಇದ್ದರು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಉನ್ನತ ಶಿಕ್ಷಣ ಕನ್ನಡದಲ್ಲೂ ಸಾಧ್ಯವೆಂದು ವಾದಿಸಿದರು. ಇಂದಿನ ವಿಶಾಲ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. 1966ರಲ್ಲಿ ಅಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂತು. ಅದಕ್ಕೂ ಮುಂಚೆ, 1918ರಲ್ಲೇ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕನ್ನಡಕ್ಕೆ ತರಲು ಇಷ್ಟು ದುಡಿದ ಪರಂಪರೆ ಗಣಕದ ಪಾಠದ ಬಾಗಿಲಿಗೆ ಬಂದು ನಿಂತುಬಿಟ್ಟಿತು.

ಸೋಜಿಗವೆಂದರೆ, ಗಣಕ ಕನ್ನಡವನ್ನು ಕಲಿತಿದೆ. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ‘ಕ’ ಅಕ್ಷರದ ಸಂಖ್ಯೆ 3221. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕನ್ನಡಿಗರ ಬೆರಳಿಗೆ ಭಾಷೆಯನ್ನು ಒದಗಿಸಿದವು. ಹುಣಸೂರು ರಸ್ತೆಯಲ್ಲೇ ಇರುವ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ, ಯಂತ್ರಗಳಿಗೆ ಭಾರತೀಯ ಭಾಷೆಗಳನ್ನು ಕಲಿಸಲು ಬೇಕಾದ ಪಠ್ಯ ಮತ್ತು ಧ್ವನಿಯ ಸಂಗ್ರಹ ನಡೆಸಿದೆ. ಪಠ್ಯಪುಸ್ತಕಗಳನ್ನು ದೇಶಭಾಷೆಗಳಿಗೆ ತರುವ ರಾಷ್ಟ್ರೀಯ ಅನುವಾದ ಮಿಷನ್ ಕೂಡ ಅಲ್ಲಿಯದೇ. ಯಂತ್ರಕ್ಕೆ ಕನ್ನಡ ಕಲಿಸುವ ಸಂಸ್ಥೆಯ ಆಸುಪಾಸಿನಲ್ಲೇ ಮನುಷ್ಯರಿಗೆ ಯಂತ್ರದ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿದೆ.

ಪ್ರಯತ್ನಗಳೇ ಆಗಿಲ್ಲವೆಂದಲ್ಲ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾಗಿ, ಮೈಸೂರಿನವೂ ಸೇರಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳನ್ನು ತನ್ನ ತೆಕ್ಕೆಗೆ ತೆಗೆದುಕೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ, ಕನ್ನಡವನ್ನು ಒಂದು ವಿಷಯವಾಗಿ ಪಠ್ಯಕ್ರಮದಲ್ಲಿ ಸೇರಿಸಿದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ರಾಜ್ಯದ ಬೆರಳೆಣಿಕೆಯ ಕಾಲೇಜುಗಳು ಮುಂದೆ ಬಂದವು. ಬಂದ ವಿದ್ಯಾರ್ಥಿಗಳು ವಿರಳ. ತಂದೆತಾಯಿಯರ ಅಂಜಿಕೆಯನ್ನು ತಪ್ಪೆನ್ನಲಾಗದು. ಕೆಲಸದ ಸಂದರ್ಶನ ಇಂಗ್ಲಿಷಿನಲ್ಲಿ, ಕೈಪಿಡಿಗಳು ಇಂಗ್ಲಿಷಿನಲ್ಲಿ, ಪ್ರೋಗ್ರಾಮಿನ ಆಜ್ಞೆಗಳೂ ಇಂಗ್ಲಿಷ್ ಪದಗಳೇ. ಕನ್ನಡದ ಪದವಿ ಹಿಡಿದ ಮಗ ಎಲ್ಲಿ ಹಿಂದೆ ಬೀಳುತ್ತಾನೋ ಎಂಬ ಭಯ ಸಹಜ.

ಆದರೆ ಇಂಗ್ಲಿಷ್ ಬೇಕೇ ಬೇಡವೇ ಎಂಬ ಹಳೆಯ ಜಗಳದಲ್ಲಿ ನಿಜವಾದ ನಷ್ಟ ಮರೆಯಾಗುತ್ತದೆ. ಇಂಗ್ಲಿಷ್ ಕಲಿಯಲೇಬೇಕು, ಅದಕ್ಕೆ ನಾಲ್ಕು ವರ್ಷದ ಕಾಲಾವಕಾಶವಿದೆ. ವಿಷಯ ತಲೆಗೆ ಇಳಿಯಬೇಕಾದದ್ದು ಮಾತ್ರ ಮೊದಲ ವರ್ಷದಲ್ಲೇ. ಅದು ಇಳಿಯದಿದ್ದರೆ ಉಳಿಯುವುದು ಗೈಡು, ಬಾಯಿಪಾಠ, ಬೇರೆಯವರಿಂದ ನಕಲು ಮಾಡಿದ ಲ್ಯಾಬ್ ರೆಕಾರ್ಡು. ಇದೇ ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್ಸಿನ ಬೃಹತ್ ತರಬೇತಿ ಕೇಂದ್ರವಿದೆ. ಇಂಜಿನಿಯರಿಂಗ್ ಪದವಿ ಪಡೆದು ಬಂದವರನ್ನು ಅಲ್ಲಿ ತಿಂಗಳುಗಟ್ಟಲೆ ಮತ್ತೆ ಕೂರಿಸಿ ಪಾಠ ಹೇಳುತ್ತಾರೆ. ಪದವಿಗೂ ತಿಳಿವಳಿಕೆಗೂ ನಡುವೆ ಎಷ್ಟು ದೂರ ಉಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳನ್ನು ಬಿಟ್ಟುಕೊಟ್ಟ ಮೈಸೂರು ವಿಶ್ವವಿದ್ಯಾನಿಲಯ, 2021ರಲ್ಲಿ ಮಾನಸಗಂಗೋತ್ರಿಯಲ್ಲಿ ತನ್ನದೇ ಇಂಜಿನಿಯರಿಂಗ್ ಶಾಲೆ ತೆರೆದಿದೆ. ಗಣಕ ಸಂಬಂಧಿ ವಿಷಯಗಳೇ ಅಲ್ಲಿ ಮುಖ್ಯ. ವಿಶ್ವೇಶ್ವರಯ್ಯನವರ ಆಸೆ ಒಂದು ಸುತ್ತು ಹಾಕಿ ಮನೆಗೆ ಮರಳಿದಂತಾಯಿತು. ಕುವೆಂಪು ಅವರ ಆಸೆ ಇನ್ನೂ ಬಾಗಿಲಲ್ಲೇ ನಿಂತಿದೆ. ಅದನ್ನು ಒಳಗೆ ಕರೆಯಲು ದೊಡ್ಡ ಯೋಜನೆಯೇನೂ ಬೇಡ: ಮೊದಲ ವರ್ಷದ ಪ್ರತಿ ವಿಷಯಕ್ಕೊಂದು ಒಳ್ಳೆಯ ಕನ್ನಡ ಪುಸ್ತಕ, ಎರಡೂ ಭಾಷೆಯಲ್ಲಿ ವಿವರಿಸಬಲ್ಲ ಮೇಷ್ಟರು, ಕನ್ನಡದಲ್ಲಿ ಪ್ರಶ್ನೆ ಕೇಳಿದವಳನ್ನು ನೋಡಿ ನಗದ ತರಗತಿ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿ ‘ಸಾರ್, ಇದು ಹೇಗೆ?’ ಎಂದು ಕೇಳಿದ ದಿನ ಗಣಕ ನಿಜವಾಗಿ ಗಂಗೋತ್ರಿಗೆ ಬಂತೆಂದು ತಿಳಿಯಬಹುದು.