ಅಳತೆಗೋಲಿನ ಮಾತೃಭಾಷೆ

ಬುದ್ಧಿಯನ್ನು ಅಳೆಯುವ ಕೋಲಿಗೂ ಒಂದು ಮಾತೃಭಾಷೆ ಇರುತ್ತದೆ ಎಂಬುದು ನಾನು ಇಂದು ಹೇಳಬಯಸುವ ಮಾತು. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ, ಥಿಯೊಡೋರ್ ಸೈಮನ್ನರೊಡಗೂಡಿ, 1905ರಲ್ಲಿ 30 ಪ್ರಶ್ನೆಗಳ ಮಾಪನವೊಂದನ್ನು ರೂಪಿಸಿದರು. ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ನರು ಅದನ್ನು ತಮ್ಮ ನಾಡಿಗೆ ತಕ್ಕಂತೆ ವಿಸ್ತರಿಸಿದರು.

ಅದನ್ನು ಕನ್ನಡಕ್ಕೆ ತಂದವರು ವಿ. ವಿ. ಕಾಮತರು. ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ಅವರು ಮಾಡಿದ ಪರಿಷ್ಕರಣದ ವಿವರ 1934ರಲ್ಲಿ ಪ್ರಕಟವಾಯಿತು. ಇಂಥ ಕಾರ್ಯದಲ್ಲಿ ಅನುವಾದ ಮೊದಲ ಹೆಜ್ಜೆ ಮಾತ್ರ. ಅಲ್ಲಿ ಐದು ವರ್ಷದ ಮಗುವಿಗೆ ಸುಲಭವಾದ ಶಬ್ದ ಇಲ್ಲಿ ಎಂಟು ವರ್ಷದ ಮಗುವಿಗೂ ಅಪರಿಚಿತವಾಗಿರಬಹುದು. ಆದುದರಿಂದ ಪ್ರಶ್ನೆಗಳನ್ನು ಇಲ್ಲಿನ ಮಕ್ಕಳ ಮುಂದಿಟ್ಟು, ಯಾವ ವಯಸ್ಸಿನ ಹೆಚ್ಚಿನವರು ಸರಿಯಾಗಿ ಉತ್ತರಿಸುತ್ತಾರೆಂದು ನೋಡಿ, ಪ್ರತಿಯೊಂದರ ಸ್ಥಾನವನ್ನು ಹೊಸದಾಗಿ ಗೊತ್ತುಪಡಿಸಬೇಕಾಗುತ್ತದೆ.

ಆದರೆ ‘ಇಲ್ಲಿ’ ಎಂದರೆ ಎಲ್ಲಿ? ಪುತ್ತೂರು, ಸುಳ್ಯ, ಕಡಬಗಳಲ್ಲಿ ಕನ್ನಡದಲ್ಲಿ ಓದುವ ಎಷ್ಟೋ ಮಕ್ಕಳ ಮನೆಮಾತು ತುಳು, ಅರೆಭಾಷೆ, ಬ್ಯಾರಿ ಅಥವಾ ಕೊಂಕಣಿ. ‘ಬಲೆ’ ಎಂದರೇನೆಂದು ತುಳು ಮನೆಯ ಪುಟ್ಟ ಮಗುವನ್ನು ಕೇಳಿದರೆ, ‘ಬನ್ನಿ’ ಎಂದೀತು. ಅದರ ಭಾಷೆಯಲ್ಲಿ ಅದು ಸರಿ. ಪರೀಕ್ಷಕರ ಹಾಳೆಯಲ್ಲಿ ತಪ್ಪು. ಅಂಥ ಅಂಕಿಗಳನ್ನು ಕೂಡಿಸಿ ಅಂಟಿಸಿದ ‘ದಡ್ಡ’ನೆಂಬ ಹಣೆಪಟ್ಟಿ ಬೇಗನೆ ಕಳಚುವುದಿಲ್ಲ.

ಪ್ಯಾರಿಸ್ಸಿನ ಕೋಲನ್ನು ಕನ್ನಡದ ಮಕ್ಕಳಿಗೆ ಹೊಂದಿಸಿದಷ್ಟೇ ಎಚ್ಚರದಿಂದ ಕನ್ನಡದ ಕೋಲನ್ನು ಈ ಮನೆಮಾತುಗಳಿಗೂ ಹೊಂದಿಸಬೇಕೆಂಬುದು ನನ್ನ ಅರಿಕೆ. ಅಂಕಿ ಬರೆಯುವ ಕೈ ಅದರ ಪಕ್ಕದಲ್ಲಿ ಮಗುವಿನ ಮನೆಮಾತನ್ನೂ ಬರೆದಿಡಲಿ.