ಬರ್ಲಿನ್ನಿನ ಒಂದು ಸಂಗೀತ ಶಾಲೆಯ ಚರಿತ್ರೆ

ಶಾಲೆಯೊಂದು ಐವತ್ತು ವರ್ಷ ಪೂರೈಸಿದಾಗ ಅದನ್ನು ಕಟ್ಟಿದವರನ್ನು ನೆನೆಯುವುದು ವಾಡಿಕೆ. ಕಟ್ಟಿದವರ ಹೆಸರನ್ನೇ ಅಳಿಸಿಹಾಕಿದ ಕಾಲವನ್ನು ಕಂಡ ಶಾಲೆಯೊಂದು ಜರ್ಮನಿಯಲ್ಲಿತ್ತು. ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಅದರ ಕಥೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ಬರ್ಲಿನ್ ಆಗ ಪ್ರಷ್ಯದ ರಾಜಧಾನಿ. ವಾದ್ಯ ಸಂಗೀತ ಕಲಿಸುವ ಸರ್ಕಾರಿ ಉನ್ನತ ಶಾಲೆ ಅಲ್ಲಿ ಆರಂಭವಾದದ್ದು 1869ರಲ್ಲಿ. ಅದಕ್ಕೂ 19 ವರ್ಷ ಮೊದಲು, 1850ರಲ್ಲಿ, ಮೂವರು ಸೇರಿ ಒಂದು ಖಾಸಗಿ ಸಂಗೀತ ಶಾಲೆ ತೆರೆದರು. ಯೂಲಿಯುಸ್ ಸ್ಟರ್ನ್ ವೃಂದಗಾಯನದ ನಿರ್ದೇಶಕರು, ತಿಯೊಡೋರ್ ಕುಲ್ಲಾಕ್ ಪಿಯಾನೋ ವಾದಕರು, ಅಡಾಲ್ಫ್ ಬರ್ನ್‌ಹಾರ್ಡ್ ಮಾರ್ಕ್ಸ್ ಸಂಗೀತ ಶಾಸ್ತ್ರಜ್ಞರು. ಈ ಕೂಟ ಹೆಚ್ಚು ಕಾಲ ಉಳಿಯಲಿಲ್ಲ. 1855ರಲ್ಲಿ ಕುಲ್ಲಾಕ್ ಹೊರಬಂದು ಬೇರೆ ಶಾಲೆ ತೆರೆದರು. ಸ್ವಲ್ಪ ಕಾಲದಲ್ಲೇ ಮಾರ್ಕ್ಸ್ ಕೂಡ ಬಿಟ್ಟರು. ಸ್ಟರ್ನ್ ಒಬ್ಬರೇ ಹೊಣೆ ಹೊತ್ತು ನಡೆಸಿದರು. ಶಾಲೆಗೆ ಅವರ ಹೆಸರೇ ನಿಂತಿತು.

1883ರಲ್ಲಿ ಸ್ಟರ್ನ್ ತೀರಿಕೊಂಡ ಮೇಲೆ ಅಲ್ಲಿಯೇ ಗಾಯನ ಕಲಿಸುತ್ತಿದ್ದ ಯೆನಿ ಮೇಯರ್ ಎಂಬ ಮಹಿಳೆ ಶಾಲೆಯನ್ನು ನಡೆಸಿದರು. 1895ರಿಂದ ಪಿಟೀಲು ವಾದಕ ಗುಸ್ತಾವ್ ಹೊಲೆಂಡರ್ ಅದರ ಮುಖ್ಯಸ್ಥರಾದರು. 1900ರಲ್ಲಿ ಶಾಲೆಗೆ ಐವತ್ತು ತುಂಬಿದಾಗ ಅದು ಬರ್ಲಿನ್ನಿನ ಪ್ರಸಿದ್ಧ ಫಿಲ್‌ಹಾರ್ಮೊನಿ ಸಂಗೀತ ಭವನದ ಕಟ್ಟಡದಲ್ಲಿತ್ತು. ಚಿಲಿ ದೇಶದ ಬಾಲಕ ಕ್ಲಾಡಿಯೊ ಅರಾವ್ ತನ್ನ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಬರ್ಲಿನ್ನಿಗೆ ಬಂದು ಇಲ್ಲಿ ಪಿಯಾನೋ ಕಲಿತರು. ಬ್ರೂನೋ ವಾಲ್ಟರ್ ಎಂಟನೆಯ ವಯಸ್ಸಿನಲ್ಲಿ ಸೇರಿದರು. ಒಟ್ಟೊ ಕ್ಲೆಂಪರರ್ ಕೂಡ ಇಲ್ಲಿಯ ವಿದ್ಯಾರ್ಥಿ. ಆರ್ನಾಲ್ಡ್ ಷೋನ್‌ಬರ್ಗ್ ಇಲ್ಲಿ ಪಾಠ ಹೇಳಿದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಯಹೂದಿ ಮೂಲದವರಾದ ವಾಲ್ಟರ್, ಕ್ಲೆಂಪರರ್, ಷೋನ್‌ಬರ್ಗ್ ಮೂವರೂ ಅದೇ ವರ್ಷ ಜರ್ಮನಿ ಬಿಟ್ಟರು. ಸ್ಟರ್ನ್ ಮತ್ತು ಹೊಲೆಂಡರ್ ಮನೆತನಗಳೂ ಯಹೂದಿಗಳವೇ. 1936ರಲ್ಲಿ ಶಾಲೆಯನ್ನು ಹೊಲೆಂಡರ್ ವಾರಸುದಾರರಿಂದ ಕಿತ್ತುಕೊಂಡು, ಸ್ಟರ್ನ್ ಹೆಸರು ತೆಗೆದು, ರಾಜಧಾನಿಯ ಸಂಗೀತ ಶಾಲೆ ಎಂದು ಹೆಸರಿಟ್ಟರು. ವಾರಸುದಾರರು ಸುಮ್ಮನೆ ಕೂರಲಿಲ್ಲ. ಯಹೂದಿ ಮಕ್ಕಳಿಗಾಗಿ ಬೇರೊಂದು ಸಂಗೀತ ಶಾಲೆ ತೆರೆದರು. 1941ರಲ್ಲಿ ಅದೂ ಮುಚ್ಚಿತು.

ಯುದ್ಧದ ನಂತರ ಹಳೆಯ ಶಾಲೆ ನಗರದ ಸಂಗೀತ ಶಾಲೆಯಾಗಿ ಮುಂದುವರಿದು, 1966ರಲ್ಲಿ ಸರ್ಕಾರಿ ಉನ್ನತ ಶಾಲೆಯಲ್ಲಿ ಲೀನವಾಯಿತು. ಅದೇ ಇಂದಿನ ಬರ್ಲಿನ್ ಕಲಾ ವಿಶ್ವವಿದ್ಯಾಲಯದ ಭಾಗ. ಅಲ್ಲಿ ಪ್ರತಿಭಾವಂತ ಶಾಲಾ ಮಕ್ಕಳಿಗೆ ಸಂಗೀತ ಕಲಿಸುವ ವಿಭಾಗಕ್ಕೆ ಈಗ ಯೂಲಿಯುಸ್ ಸ್ಟರ್ನ್ ಅವರ ಹೆಸರಿದೆ.

ಕಟ್ಟಡ, ಹಣ, ಅಧಿಕಾರ ಕೈ ಬದಲಾಗಬಹುದು. ಯಾರು ಕಟ್ಟಿದರು, ಯಾರು ಕಲಿಸಿದರು, ಯಾರನ್ನು ಹೊರದಬ್ಬಲಾಯಿತು ಎಂಬುದನ್ನು ಬರೆದಿಡುವುದು ನಂತರದವರ ಕರ್ತವ್ಯ. ಇಂಥ ಸ್ಮರಣ ಸಂಚಿಕೆಗಳ ನಿಜವಾದ ಉಪಯೋಗವೂ ಅದೇ.