ಬಾಟಲಿಯೊಳಗಿನ ಜೇಡ

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ನಾನು ಮೇಡಂ ಆಗಿ ಹೋದ ಎರಡನೆಯ ವರ್ಷ, 1997. ಮುಂಗಾರು ಬಿದ್ದು ಎರಡು ವಾರವಾಗಿತ್ತು. ಏಳನೆಯ ತರಗತಿಯ ಹುಡುಗನೊಬ್ಬ ಖಾಲಿ ಹಾರ್ಲಿಕ್ಸ್ ಬಾಟಲಿಯೊಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದು ಕೊನೆಯ ಬೆಂಚಿನ ಕೆಳಗೆ ಇಟ್ಟಿದ್ದ. ಪಾಠದ ನಡುವೆ ಹೆಣ್ಣುಮಕ್ಕಳು ಕಿರುಚಿಕೊಂಡರು. ಹೋಗಿ ನೋಡಿದರೆ ಅಂಗೈಯಗಲದ ಜೇಡ. ಮೈತುಂಬ ಕೂದಲು, ಕಾಲುಗಳೇ ನನ್ನ ಬೆರಳಿನಷ್ಟು ದಪ್ಪ. ಬಾಟಲಿಯ ತಳಕ್ಕೆ ಮಣ್ಣು ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಹತ್ತು ದಿನದಿಂದ ಮಿಡತೆ ಹಿಡಿದು ಹಾಕಿ ಸಾಕುತ್ತಿದ್ದನಂತೆ. "ಕಚ್ಚಲ್ಲ ಮಿಸ್, ಅದಕ್ಕೆ ನನ್ನ ಗುರ್ತು ಐತೆ" ಎಂದ.

ನಾನು ಅವನ ಮಾತನ್ನು ಪೂರ್ತಿ ಕೇಳಲಿಲ್ಲ. ಜವಾನನನ್ನು ಕೂಗಿ, ಬಾಟಲಿಯೊಳಕ್ಕೆ ಸೀಮೆಎಣ್ಣೆ ಹೊಯ್ಯಿಸಿದೆ. ಆಮೇಲೆ ಮಕ್ಕಳಿಗೆ ವಿಷಜಂತುಗಳ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಆ ಭಾಷಣದಲ್ಲಿ ಒಂದು ವಾಕ್ಯವೂ ಸರಿಯಾಗಿರಲಿಲ್ಲ ಎಂದು ಗೊತ್ತಾಗಲು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬೇಕಾಯಿತು.

ನಮ್ಮ ಮನೆಗಳಲ್ಲಿ ಜೇಡಕ್ಕೆ ಮರ್ಯಾದೆ ಇಲ್ಲ. ಬಲೆ ಕಟ್ಟಿದರೆ ದರಿದ್ರ, ಯುಗಾದಿಗೆ ಮೊದಲು ಗುಡಿಸಬೇಕು. ಕುತ್ತಿಗೆಯ ಮೇಲೆ ಗುಳ್ಳೆಯೆದ್ದರೆ "ಜೇಡ ಉಚ್ಚೆ ಹೊಯ್ದಿದೆ" ಎನ್ನುತ್ತಿದ್ದರು ನಮ್ಮಜ್ಜಿ. ಪಾಪ, ಅಂಥ ಗುಳ್ಳೆಗಳಿಗೆ ಕಾರಣ ಸರ್ಪಸುತ್ತೋ ಬೇರೆ ಯಾವುದೋ ಹುಳುವೋ ಆಗಿರುತ್ತದೆ, ಹೆಸರು ಮಾತ್ರ ಜೇಡಕ್ಕೆ. ಹಾಗೆ ನೋಡಿದರೆ ನಮ್ಮ ಭಾಷೆಯಲ್ಲಿ ಜೇಡ ಎಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನನ್ನು ಪಾಠ ಮಾಡುವ ನಾನೇ ಈ ನೆಂಟಸ್ತಿಕೆಯನ್ನು ಮರೆತಿದ್ದೆ.

ಅದಿರಲಿ. ಮೊನ್ನೆಮೊನ್ನೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಚಿತ್ರದುರ್ಗಕ್ಕೆ ಬಂದಿದ್ದ. ಊಟವಾದ ಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಮೈಸೂರು ರೇಷ್ಮೆಯ ಅಂಗಡಿಯಲ್ಲಿ ಮಾತ್ರ ಕಾಣುವಂಥ ನೀಲಿ. ಅದರ ಮೇಲೆ ಬಿಳಿಯ ರಂಗೋಲಿಯಂಥ ಗೆರೆಗಳು, ಕಾಲಿನ ಗೆಣ್ಣುಗಳಲ್ಲಿ ಹಳದಿ. "ದೊಡ್ಡಮ್ಮ, ಇದು ಗೂಟಿ. ಅಮೆರಿಕದಲ್ಲಿ, ಜರ್ಮನಿಯಲ್ಲಿ ಜನ ಮನೆಯಲ್ಲಿ ಸಾಕ್ತಾರೆ. ನಾನೂ ಒಂದು ತರಿಸೋಣ ಅಂತ" ಎಂದ. ಗೂಟಿ ಎಂದರೆ ಯಾವುದೋ ಆಫ್ರಿಕಾದ ಊರಿರಬೇಕೆಂದುಕೊಂಡೆ. ಅವನು ನಕ್ಷೆ ತೆಗೆದು ತೋರಿಸಿದಾಗ ನಗು ಬಂತು. ಅದು ನಮ್ಮ ಗುತ್ತಿ! ಚಿಕ್ಕಜಾಜೂರಿನಿಂದ ಹೊರಟ ಹಳಿ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಮೇಲೆ ಗುಂತಕಲ್ಲು ಸೇರಿದರೆ ಅಲ್ಲಿಂದ ಆಚೆಗೆ ಕೂಗಳತೆಯಲ್ಲಿ ಗುತ್ತಿ. ನಾನು ಸಮಾಜ ಪಾಠದಲ್ಲಿ ಸಾವಿರ ಸಲ ಹೇಳಿದ ಊರು. ಹೈದರಾಲಿ 1776ರಲ್ಲಿ ಮುರಾರಿರಾವ್ ಘೋರ್ಪಡೆಯಿಂದ ಕಿತ್ತುಕೊಂಡದ್ದು ಗುತ್ತಿಯ ಕೋಟೆ, ಮೂರು ವರ್ಷದ ಮೇಲೆ, 1779ರಲ್ಲಿ, ಮದಕರಿನಾಯಕನಿಂದ ಕಿತ್ತುಕೊಂಡದ್ದು ನಮ್ಮ ದುರ್ಗ. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ ಥಾಮಸ್ ಮನ್ರೋ ಸಾಹೇಬನನ್ನು ಮೊದಲು ಮಣ್ಣು ಮಾಡಿದ್ದೂ ಗುತ್ತಿಯಲ್ಲೇ. ಇಷ್ಟೆಲ್ಲ ಗೊತ್ತಿದ್ದ ನನಗೆ ಗುತ್ತಿಯ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿದ್ದು ಒಂದು ಜೇಡ ಎಂಬುದು ಗೊತ್ತಿರಲಿಲ್ಲ.

ಆ ದಿನದಿಂದ ನಾನು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮನೆಯವರು ನಕ್ಕರು.

ಈ ಜಾತಿಯ ದೊಡ್ಡ ಜೇಡಗಳಿಗೆ ಟರಂಟುಲಾ ಎನ್ನುತ್ತಾರೆ. ಹೆಸರು ಬಂದದ್ದು ಇಟಲಿಯ ದಕ್ಷಿಣದ ತಾರಾಂತೋ ಊರಿನಿಂದ. ಅಲ್ಲಿ ಕುಯ್ಲಿನ ಕಾಲದಲ್ಲಿ ಹೊಲದಲ್ಲಿ ದುಡಿಯುವವರಿಗೆ, ಅದರಲ್ಲೂ ಹೆಂಗಸರಿಗೆ, ಜೇಡ ಕಚ್ಚಿತೆಂದು ಮೈಮೇಲೆ ಬಂದಂತಾಗುತ್ತಿತ್ತು. ಊರಿನವರು ವಾದ್ಯದವರನ್ನು ಕರೆಸುತ್ತಿದ್ದರು. ಕಚ್ಚಿಸಿಕೊಂಡವಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕುಣಿದು ಕುಣಿದು ಸುಸ್ತಾಗಿ ಬೀಳುವಳು, ಆಮೇಲೆ ವಾಸಿ. 1959ರಲ್ಲಿ ಎರ್ನೆಸ್ತೋ ದೆ ಮಾರ್ತಿನೋ ಎಂಬ ವಿದ್ವಾಂಸ ಹೋಗಿ ನೋಡಿದಾಗಲೂ ಈ ಕುಣಿತ ಉಳಿದಿತ್ತು. ಆ ಊರಿನ ಜೇಡದ ಕಡಿತ ಅಷ್ಟೇನೂ ದೊಡ್ಡದಲ್ಲವಂತೆ. ನನಗನ್ನಿಸುವುದು, ವರ್ಷವಿಡೀ ಬಗ್ಗಿ ದುಡಿದ ಹೆಣ್ಣಿಗೆ ಒಂದು ದಿನ ಮನಸ್ಸು ಬಿಚ್ಚಿ ಕುಣಿಯಲು ಯಾರನ್ನಾದರೂ ದೂರಬೇಕಿತ್ತು. ನಮ್ಮ ಕಡೆ ಜಾತ್ರೆಯಲ್ಲಿ ಅಮ್ಮ ಮೈಮೇಲೆ ಬರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆಯೆಂದರೆ ತಾರಾಂತೋವಿನ ಜೇಡ ಈಗ ಟರಂಟುಲಾ ಎನ್ನುವ ಬಳಗದ್ದೇ ಅಲ್ಲ. ಹೆಸರು ಅದರದು, ಹೊತ್ತು ತಿರುಗುವವರು ಬೇರೆ.

ಯುರೋಪಿನವರಿಗೆ ನಿಜವಾದ ದೊಡ್ಡ ಕೂದಲ ಜೇಡವನ್ನು ಮನಸ್ಸಿನಲ್ಲಿ ಉಳಿಯುವಂತೆ ತೋರಿಸಿದವಳು ಒಬ್ಬ ಹೆಂಗಸು, ಮರಿಯಾ ಸಿಬಿಲ್ಲಾ ಮೇರಿಯನ್. 1699ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಗಂಡನನ್ನು ಬಿಟ್ಟಿದ್ದ ಈಕೆ ಕಿರಿಯ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಹುಳುಹುಪ್ಪಟೆಗಳ ಚಿತ್ರ ಬರೆಯಲಿಕ್ಕೆ! ನನಗೆ ಐವತ್ತೆರಡಾದಾಗ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. 1705ರಲ್ಲಿ ಆಕೆಯ ಪುಸ್ತಕ ಬಂತು. ಅದರಲ್ಲಿ ದೊಡ್ಡ ಜೇಡವೊಂದು ಪುಟ್ಟ ಹಕ್ಕಿಯನ್ನು ಗೂಡಿನಿಂದ ಎಳೆದು ತಿನ್ನುವ ಚಿತ್ರವಿತ್ತು. ಹೆಂಗಸು ಕಟ್ಟಿದ ಕತೆ ಎಂದು ಮುಂದೆ ಬಂದ ಪಂಡಿತರು ಹಳಿದರು. 1863ರಲ್ಲಿ ಹೆನ್ರಿ ಬೇಟ್ಸ್ ಎಂಬವನು ಅಮೆಜಾನ್ ಕಾಡಿನಲ್ಲಿ ಅಂಥದೇ ಜೇಡ ಹಕ್ಕಿಗಳನ್ನು ಹಿಡಿದದ್ದನ್ನು ಕಣ್ಣಾರೆ ಕಂಡೆ ಎಂದು ಬರೆದ ಮೇಲೆ ನಂಬಿದರು. ನೂರೈವತ್ತು ವರ್ಷ ಆಕೆ ಸುಳ್ಳಿಯಾಗಿದ್ದಳು.

ಈಗ ಗುತ್ತಿಗೆ ಬರೋಣ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆರ್. ಐ. ಪೊಕಾಕ್ ಎಂಬ ಜೇಡಪಂಡಿತನಿದ್ದ. ಇಂಡಿಯಾದಿಂದ ಬಾಟಲಿಗಳಲ್ಲಿ ಹೋಗುತ್ತಿದ್ದ ಜೇಡಗಳಿಗೆ ಹೆಸರಿಡುವುದು ಅವನ ಕೆಲಸ. 1895ರಲ್ಲಿ ಒಂದು ಪಟ್ಟೆಯ ಮರಜೇಡಕ್ಕೆ ಹೆಸರಿಟ್ಟ, ಅದನ್ನು ಸಾಕುವವರು ಇವತ್ತಿಗೂ ಮೈಸೂರಿನ ಹೆಸರಿನಿಂದಲೇ ಕರೆಯುತ್ತಾರೆ. 1899ರಲ್ಲಿ ಗುತ್ತಿಯಿಂದ ಹೋದ ಹೆಣ್ಣು ಜೇಡವೊಂದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಲೋಹದ ಹೊಳಪಿನದು ಎಂದರ್ಥ. ಅದು ಸಿಕ್ಕಿದ್ದು ಗುತ್ತಿಯ ರೈಲ್ವೆ ಮರದ ಡಿಪೋದಲ್ಲಿ.

ಇಲ್ಲಿಯೇ ಎಲ್ಲರೂ ದಾರಿ ತಪ್ಪಿದ್ದು. ಗುತ್ತಿಯ ಸುತ್ತ ಬಂಡೆ, ಜಾಲಿ, ಬಿಸಿಲು. ಈ ಜೇಡವಾದರೋ ದೊಡ್ಡ ಮರದ ಪೊಟರೆಯಲ್ಲಿ ಬದುಕುವಂಥದು. ಮುಂದೆ 102 ವರ್ಷ ಅದನ್ನು ಯಾರೂ ಕಾಣಲಿಲ್ಲ. ಲಂಡನ್ನಿನಲ್ಲಿ ಬಣ್ಣಗೆಟ್ಟ ಒಂದು ಹೆಣ, ಅಷ್ಟೆ. 2001ರಲ್ಲಿ ಕೊನೆಗೂ ಸಿಕ್ಕಿತು, ಗುತ್ತಿಯಲ್ಲಲ್ಲ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ನಂದ್ಯಾಲಕ್ಕೂ ಗಿದ್ದಲೂರಿಗೂ ನಡುವಿನ ನಲ್ಲಮಲ ಕಾಡಿನಲ್ಲಿ. ಆ ಕಾಡಿನ ನಡುವೆಯೇ ರೈಲು ಹಳಿ ಹಾದುಹೋಗುತ್ತದೆ. ಮರದ ದಿಮ್ಮಿಯ ಪೊಟರೆಯಲ್ಲಿ ಕೂತು ಟಿಕೆಟ್ಟಿಲ್ಲದೆ ಗುತ್ತಿಗೆ ಬಂದಿಳಿದಿರಬೇಕು ನಮ್ಮ ನೀಲಾಂಬರಿ ಎಂದು ತಿಳಿದವರ ಊಹೆ. ನಾನೂ 2009ರಲ್ಲಿ ಮಹಾನಂದಿಗೆ ಹೋಗಿದ್ದೆ. ನಂದ್ಯಾಲದ ಪಕ್ಕದ ಆ ದೇವಸ್ಥಾನದ ಬೆನ್ನಿಗೇ ನಲ್ಲಮಲ. ಕೊಳದ ತಿಳಿನೀರು ನೋಡಿ, ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿ ಬಂದೆ. ತಲೆಯೆತ್ತಿ ಕಾಡಿನ ಕಡೆ ಒಮ್ಮೆಯೂ ನೋಡಲಿಲ್ಲ.

ಸಿಕ್ಕಿದ್ದೇ ತಡ, ಕೆಲವೇ ವರ್ಷಗಳಲ್ಲಿ ಅದು ಯುರೋಪು ಅಮೆರಿಕದ ಗಾಜಿನ ಪೆಟ್ಟಿಗೆಗಳಲ್ಲಿತ್ತು. ಮೊದಮೊದಲು ಒಂದಕ್ಕೆ 500 ಡಾಲರಿಗೂ ಮೇಲೆ ಕೊಟ್ಟವರಿದ್ದಾರೆ. ಆಮೇಲೆ ಅವರೇ ಮರಿ ಮಾಡಿಸಲು ಕಲಿತರು, ಬೆಲೆ ಇಳಿಯಿತು. ಈ ಬಾಣಂತನದ ವಿವರ ಓದುತ್ತ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಪ್ರಾಯಕ್ಕೆ ಬಂದ ಗಂಡನ್ನು ಹೆಣ್ಣಿನ ಪೆಟ್ಟಿಗೆಗೆ ಬಿಡುತ್ತಾರೆ. ಅದು ಒಳಗೆ ನುಗ್ಗುವುದಿಲ್ಲ, ಹೊರಗೆ ನಿಂತು ಕಾಲಿನಿಂದ ಡೋಲು ಬಡಿದಂತೆ ತಟ್ಟುತ್ತದೆ. ಒಳಗಿನವಳು ತಟ್ಟಿ ಉತ್ತರ ಕೊಟ್ಟರೆ ಸೈ. ಕೆಲಸ ಮುಗಿದೊಡನೆ ಅವನು ಓಡಬೇಕು, ಇಲ್ಲದಿದ್ದರೆ ಅವಳ ರಾತ್ರಿಯ ಊಟವಾದಾನು. ಹೆಣ್ಣು ರೇಷ್ಮೆಯ ಚೀಲ ನೇಯ್ದು ನೂರರ ಆಸುಪಾಸು ಮೊಟ್ಟೆಯಿಟ್ಟು ಕಾಯುತ್ತಾಳೆ. ಹೆಣ್ಣು ಹನ್ನೊಂದು ಹನ್ನೆರಡು ವರ್ಷ ಬದುಕಿದರೆ ಗಂಡು ಮೂರು ನಾಲ್ಕು ವರ್ಷಕ್ಕೆ ಮುಗಿಯಿತು. ಪೊರೆ ಬಿಡುವಾಗ ಅಂಗಾತ ಮಲಗುತ್ತದೆ. ಹೊಸದಾಗಿ ಸಾಕಿದವರು ಸತ್ತೇಹೋಯಿತೆಂದು ಎಸೆದುಬಿಡುವುದುಂಟಂತೆ. ರೇಷ್ಮೆಹುಳು ಸಾಕಿದ ನಮ್ಮ ಕಡೆಯ ಹೆಂಗಸರು ಈ ತಪ್ಪು ಮಾಡಲಾರರು, ಜ್ವರ ಬಂದಂತೆ ಸುಮ್ಮನಿರುವ ಹುಳುವನ್ನು ಮುಟ್ಟಬಾರದೆಂದು ಅವರಿಗೆ ಗೊತ್ತು.

ಇನ್ನು ನೀಲಿಯ ಗುಟ್ಟು. ಆ ಮೈಮೇಲೆ ನೀಲಿ ಬಣ್ಣವೇ ಇಲ್ಲವಂತೆ! ಕೂದಲಿನೊಳಗಿನ ಅತಿ ಸೂಕ್ಷ್ಮ ಪದರಗಳು ಬೆಳಕಿನಲ್ಲಿ ನೀಲಿಯನ್ನಷ್ಟೇ ಹಿಂದಕ್ಕೆ ತಿರುಗಿಸುತ್ತವೆ, ನವಿಲುಗರಿಯ ಹಾಗೆ. ವಿಷ? ಇದು ಕಚ್ಚಿದರೆ ಜೋರು ನೋವು, ಕೆಲವು ದಿನ ಮಾಂಸಖಂಡ ಹಿಡಿದುಕೊಳ್ಳುತ್ತದೆ. ಕಚ್ಚಿ ಮನುಷ್ಯ ಸತ್ತ ದಾಖಲೆಯಿಲ್ಲ. ನನ್ನ ಸೀಮೆಎಣ್ಣೆ ನೆನಪಾದದ್ದು ಈ ವಾಕ್ಯ ಓದಿದಾಗ.

2008ರಲ್ಲಿ ಐ.ಯು.ಸಿ.ಎನ್. ಇದನ್ನು ಅಳಿವಿನ ಅಂಚಿಗೆ ತೀರ ಹತ್ತಿರವಿರುವ ಪಟ್ಟಿಗೆ ಸೇರಿಸಿತು. ಅದಕ್ಕಿರುವ ಕಾಡು ನೂರು ಚದರ ಕಿಲೋಮೀಟರಿಗೂ ಕಡಿಮೆ, ಅದರಲ್ಲೂ ಸೌದೆಗೆ, ದಿಮ್ಮಿಗೆ ಮರ ಹೋಗುತ್ತದೆ. ದೊಡ್ಡ ಮರವಿಲ್ಲದಿದ್ದರೆ ಪೊಟರೆಯಿಲ್ಲ, ಪೊಟರೆಯಿಲ್ಲದಿದ್ದರೆ ಇದಿಲ್ಲ. 2019ರಲ್ಲಿ ಜಿನೀವಾದ ಸೈಟಿಸ್ ಸಮ್ಮೇಳನದಲ್ಲಿ ಶ್ರೀಲಂಕಾ ಮತ್ತು ಅಮೆರಿಕ ಮುಂದಿಟ್ಟ ಸಲಹೆಯಂತೆ ಈ ಕುಲದ ಜೇಡಗಳಿಗೆಲ್ಲ ವ್ಯಾಪಾರದ ಕಡಿವಾಣ ಬಿತ್ತು. ಮೆಕ್ಸಿಕೋದ ಕೆಂಪುಮಂಡಿಯ ಜೇಡಕ್ಕೆ ಅಂಥ ರಕ್ಷಣೆ 1985ರಲ್ಲೇ ಸಿಕ್ಕಿತ್ತು, ನಮ್ಮದಕ್ಕೆ ಮೂವತ್ತನಾಲ್ಕು ವರ್ಷ ತಡವಾಗಿ.

ಇದನ್ನೆಲ್ಲ ತಂಗಿಯ ಮಗನಿಗೆ ಹೇಳಿದೆ. "ನಾನು ಕಾಡಿನದನ್ನ ತರಲ್ಲ ದೊಡ್ಡಮ್ಮ, ಹೊರಗಡೆ ಹುಟ್ಟಿ ಬೆಳೆದಿದ್ದನ್ನ ತರಿಸ್ತೀನಿ" ಎಂದು ವಾದ ಹೂಡಿದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಸಾಕುವವರು ಮರಿ ಮಾಡಿಸಿದ್ದರಿಂದಲೇ ಕಾಡಿನದಕ್ಕೆ ಗಿರಾಕಿ ಕಡಿಮೆಯಾಯಿತು ಎನ್ನುವವರಿದ್ದಾರೆ. ಆದರೆ ಬಾಟಲಿಯೊಳಗಿನ ಮರಿಗೆ ಜನನಪತ್ರವಿರುವುದಿಲ್ಲವಲ್ಲ. 2020ರ ಜುಲೈನಲ್ಲಿ ಪೋಲೆಂಡಿನಿಂದ ಚೆನ್ನೈಗೆ ಬಂದ ಅಂಚೆ ಪಾರ್ಸೆಲನ್ನು ಕಸ್ಟಮ್ಸಿನವರು ಬಿಚ್ಚಿದರೆ ಬೆಳ್ಳಿಕಾಗದ, ಹತ್ತಿ ಸುತ್ತಿದ 107 ಪುಟ್ಟ ಸೀಸೆಗಳು, ಒಂದೊಂದರಲ್ಲೂ ಜೀವವಿರುವ ಜೇಡ! ಅರುಪ್ಪುಕೋಟೆಯ ವಿಳಾಸಕ್ಕೆ ಹೊರಟಿದ್ದವು. ಎಲ್ಲ ಅಮೆರಿಕ ಖಂಡದ ಜಾತಿಗಳೆಂದು ಗೊತ್ತಾಗಿ, ಬಂದ ದಾರಿಯಲ್ಲೇ ವಾಪಸ್ಸು ಕಳಿಸಿದರು. 2022ರಲ್ಲಿ ನಮ್ಮ ವನ್ಯಜೀವಿ ಕಾನೂನಿಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್‌ನಿಂದ ಸೈಟಿಸ್ ಪಟ್ಟಿಯ ಜೀವಿಗಳೂ ಅದರೊಳಗೆ ಬಂದವು. 2024ರ ನಿಯಮದಂತೆ ಅಂಥದನ್ನು ಇಟ್ಟುಕೊಂಡವರು ಸರ್ಕಾರಕ್ಕೆ ವರದಿ ಮಾಡಿ ನೋಂದಾಯಿಸಬೇಕು. ಇದನ್ನು ಓದಿ ಹೇಳಿದೆ. ಹುಡುಗ ಮೊಬೈಲನ್ನು ಜೇಬಿಗಿಟ್ಟುಕೊಂಡ. ಆಸೆ ಬಿಟ್ಟನೋ, ನನ್ನ ಪಾಠ ತಪ್ಪಿಸಿಕೊಂಡನೋ ಹೇಳಲಾರೆ.

ಇನ್ನೊಂದು ವಿಷಯ ಉಳಿಯಿತು. ಈ ಬೇಸಿಗೆಯಲ್ಲಿ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಅಡಿಕೆ ಬೆಳೆಗಾರನಂತಿದ್ದ ಗಂಡಸೊಬ್ಬ ಬಂದು "ಮಿಸ್, ಗುರ್ತು ಸಿಕ್ಕಿತಾ?" ಎಂದ. ಸಿಕ್ಕಿತು. ಮೀಸೆಯ ಹಿಂದೆ ಅದೇ ಮುಖ. ನಾನು ತಡವರಿಸುತ್ತಲೇ ಆ ಜೇಡದ ವಿಷಯ ಎತ್ತಿದೆ, ತಪ್ಪು ಮಾಡಿದೆ ಕಣಪ್ಪ ಎಂದೆ. ಅವನು ನಕ್ಕುಬಿಟ್ಟ. "ಜೇಡ ಬಿಡಿ ಮಿಸ್. ಆ ಬಾಟ್ಲಿ ನಮ್ಮವ್ವ ಉಪ್ಪಿನಕಾಯಿಗೆ ಇಟ್ಟಿದ್ದು. ಸೀಮೆಎಣ್ಣೆ ವಾಸನೆ ಹೋಗಲೇ ಇಲ್ಲ, ಸರಿಯಾಗಿ ಬಿದ್ದವು ನಂಗೆ" ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತೋಟದ ಬದುವಿನಲ್ಲಿ ಅಂಥ ಬಿಲಗಳು ಈಗಲೂ ಏಳೆಂಟು ಇವೆ, ಬಾಯಿಗೆ ರೇಷ್ಮೆ ಕಟ್ಟಿಕೊಂಡಿರುತ್ತವೆ, ಜೆಸಿಬಿಯವನಿಗೆ ಆ ಬದು ಮುಟ್ಟಬೇಡ ಅಂದಿದ್ದೇನೆ ಎಂದ. ಮಳೆ ಬಿದ್ದ ಮೇಲೆ ಬನ್ನಿ, ಸಂಜೆ ಟಾರ್ಚು ತನ್ನಿ ಎಂದು ಹೇಳಿ ರೈಲು ಹತ್ತಿದ.

ಟಾರ್ಚಿಗೆ ಹೊಸ ಸೆಲ್ಲು ಹಾಕಿಸಿಟ್ಟಿದ್ದೇನೆ.